ಹೆನ್ರಿ ಟಿಮ್ಕೆನ್: ಸಾರೋಟಿಂದ ಕಾರಿಗೆ

ಹಳೇ ಕಾರಿನ ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂತಾ? ಬೇರಿಂಗ್ ಸಡಿಲ ಆಗಿರಬಹುದು. ಚಕ್ರ ತಿರುಗಿಸ್ತಾ ನಟ್ ಬಿಗಿ ಮಾಡಿ, ಆಮೇಲೆ ಚೂರು ಸಡಿಲಿಸಿದ್ರೆ ಮತ್ತೆ ಸರಿ. (ಈಗಿನ ಸೀಲ್ಡ್ ಹಬ್‌ಗಳಲ್ಲಿ ಈ ಭಾಗ್ಯ ಇಲ್ಲ, ಬದಲಾಯಿಸೋದೇ.) ಈ ಅನುಕೂಲದ ಹಿಂದೆ ಇರೋದು ಒಬ್ಬ ಸಾರೋಟು ತಯಾರಕ.

ಹೆನ್ರಿ ಟಿಮ್ಕೆನ್ ಹುಟ್ಟಿದ್ದು 1831ರಲ್ಲಿ, ಜರ್ಮನಿಯ ಬ್ರೆಮೆನ್ ಹತ್ತಿರ. ಬಾಲ್ಯದಲ್ಲೇ ಕುಟುಂಬ ಅಮೆರಿಕಕ್ಕೆ ಹೋಯಿತು. ಗಾಡಿ ಕೆಲಸ ಕಲಿತು, ಸೇಂಟ್ ಲೂಯಿಸ್‌ನಲ್ಲಿ ಸ್ವಂತ ಕಾರ್ಖಾನೆ ಹಾಕಿದರು. 1877ರಲ್ಲಿ ಸಾರೋಟಿನ ಸ್ಪ್ರಿಂಗ್‌ಗೆ ಪೇಟೆಂಟ್ ಬಂತು, ದುಡ್ಡೂ ಬಂತು. ಆರಾಮಾಗಿ ಕೂರಬಹುದಿತ್ತು.

ಆದರೆ ಗಾಡಿ ತಿರುವು ತಗೊಂಡಾಗ ಚಕ್ರದ ಮೇಲೆ ಬರೋದು ಬರೀ ಭಾರವಲ್ಲ, ಪಕ್ಕದ ಒತ್ತಡವೂ ಹೌದು. ನೇರ ರೋಲರ್ ಭಾರ ಹೊರುತ್ತೆ, ಪಕ್ಕದ ಒತ್ತಡಕ್ಕೆ ಸೋಲುತ್ತೆ. ಒಂದು ಕಡೆ ಸಣ್ಣಗಾಗುವ ರೋಲರನ್ನು ಓರೆಯಾಗಿ ಕೂರಿಸಿದ್ರೆ ಎರಡನ್ನೂ ತಾಳುತ್ತೆ. ಸವೆದಾಗ ಅಷ್ಟೇ ಒಳಗೆ ಒತ್ತಿದ್ರೆ ಸಡಿಲ ಹೋಗುತ್ತೆ. 1898ರಲ್ಲಿ, 66ನೇ ವಯಸ್ಸಲ್ಲಿ, ಸಂಬಂಧಿ ರೆಜಿನಾಲ್ಡ್ ಹೈಂಜೆಲ್ಮನ್ ಜೊತೆ ಇದರ ಪೇಟೆಂಟ್ ಪಡೆದರು. ಮರುವರ್ಷ ಕಂಪನಿ ಶುರುವಾಯ್ತು, ಆಮೇಲೆ ಒಹಾಯೋದ ಕ್ಯಾಂಟನ್‌ಗೆ ಹೋಯ್ತು.

ಫೋರ್ಡ್ ಮಾಡೆಲ್ ಟಿ ರಸ್ತೆಗಿಳಿದ ಮರುವರ್ಷ, 1909ರಲ್ಲಿ ಟಿಮ್ಕೆನ್ ತೀರಿಕೊಂಡರು.