ಪರಿಹಾರ ಪಡೆದ ಮಾಲೀಕ: ಜಾನ್ ಗ್ಲಾಡ್‌ಸ್ಟನ್

ಗುಲಾಮಗಿರಿಯ ನಿಷೇಧವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಹೋರಾಟಗಾರರ ಜೀವನವನ್ನು ಹೇಳುತ್ತೇವೆ. ನಾನು ನನ್ನ ಬೋಧನಾಭ್ಯಾಸದ ಪಾಠಕ್ಕೆ ಒಬ್ಬ ಮಾಲೀಕನ ಜೀವನವನ್ನು ಆರಿಸಿಕೊಂಡೆ. ಕಾಯ್ದೆ ಬಂದ ಮೇಲೆ ಹಣ ಯಾರ ಕೈ ಸೇರಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಜಾನ್ ಗ್ಲಾಡ್‌ಸ್ಟನ್ 1764ರಲ್ಲಿ ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಧಾನ್ಯ ವ್ಯಾಪಾರಿಯ ಮಗನಾಗಿ ಹುಟ್ಟಿದ. ಲಿವರ್‌ಪೂಲಿನಲ್ಲಿ ವ್ಯಾಪಾರ ಮಾಡಿ ಸಿರಿವಂತನಾದ, ಪಾರ್ಲಿಮೆಂಟಿನ ಸದಸ್ಯನೂ ಆದ. ಮುಂದೆ ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಇವನ ಮಗ. ಜಮೈಕಾದಲ್ಲಿಯೂ ದಕ್ಷಿಣ ಅಮೆರಿಕದ ಡೆಮರಾರಾದಲ್ಲಿಯೂ ಅವನಿಗೆ ತೋಟಗಳಿದ್ದವು.

1823ರಲ್ಲಿ ಡೆಮರಾರಾದ ಗುಲಾಮರು ದಂಗೆಯೆದ್ದರು. ದಂಗೆ ಶುರುವಾದದ್ದು ಗ್ಲಾಡ್‌ಸ್ಟನ್‌ನ ಸಕ್ಸೆಸ್ ತೋಟದಲ್ಲಿ. ಮುಂದಾಳುಗಳಲ್ಲಿ ಒಬ್ಬನಾದ ಜಾಕ್‌ಗೆ ಮಾಲೀಕನ ಮನೆತನದ ಹೆಸರೇ ಅಂಟಿತ್ತು. ಅವನ ತಂದೆ, ಬಡಗಿ ಕ್ವಾಮಿನಾನನ್ನು ಬೆನ್ನಟ್ಟಿ ಗುಂಡಿಕ್ಕಿ ಕೊಂದು, ಶವವನ್ನು ಅದೇ ತೋಟದಲ್ಲಿ ತೂಗುಹಾಕಿದರು.

1833ರ ಕಾಯ್ದೆ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿತು. ಹಂಚಲು ಒಂದು ಆಯೋಗ ರಚನೆಯಾಯಿತು. ಒಂದೇ ತೋಟಕ್ಕೆ ಮಾಲೀಕ ಅರ್ಜಿ ಹಾಕಿದರೆ, ಅದನ್ನು ಅಡಮಾನ ಹಿಡಿದವನು, ಉಯಿಲಿನಂತೆ ಪಾಲು ಬರಬೇಕಾದವನು, ವರ್ಷಾಶನ ಪಡೆಯುತ್ತಿದ್ದ ವಿಧವೆ ಎದುರರ್ಜಿ ಹಾಕುತ್ತಿದ್ದರು. ಆಗ ಆಯೋಗ ವಿಚಾರಣೆ ನಡೆಸಿ ಹಣ ಯಾರಿಗೆಂದು ತೀರ್ಮಾನಿಸುತ್ತಿತ್ತು. ದರವೂ ಒಂದೇ ಆಗಿರಲಿಲ್ಲ. ಹಿಂದಿನ ಮಾರಾಟದ ಬೆಲೆಗಳನ್ನು ನೋಡಿ ನಿಗದಿ ಮಾಡಿದ್ದರಿಂದ ತಲೆಗೆ ಸರಾಸರಿ ಜಮೈಕಾದಲ್ಲಿ ಸುಮಾರು 20 ಪೌಂಡ್, ಡೆಮರಾರಾ ಸೇರಿದ ಬ್ರಿಟಿಷ್ ಗಯಾನಾದಲ್ಲಿ 50ಕ್ಕೂ ಹೆಚ್ಚು. 2,500ಕ್ಕೂ ಹೆಚ್ಚು ಜನರ ಲೆಕ್ಕದಲ್ಲಿ ಗ್ಲಾಡ್‌ಸ್ಟನ್‌ಗೆ 1 ಲಕ್ಷ ಪೌಂಡಿಗೂ ಮೀರಿದ ಮೊತ್ತ ದಕ್ಕಿತು.

ಆ ಜನರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಕೆಲಸ ಕಲಿಯುವವರೆಂಬ ಹೆಸರಿನಲ್ಲಿ 1838ರವರೆಗೆ ಹೆಚ್ಚಿನವರು ಹಳೆಯ ಒಡೆಯರಿಗೇ ಕೂಲಿಯಿಲ್ಲದೆ ದುಡಿಯಬೇಕಾಯಿತು. ಅದೇ ವರ್ಷ, ಗ್ಲಾಡ್‌ಸ್ಟನ್‌ನ ಯೋಜನೆಯಂತೆ, ಕಲ್ಕತ್ತೆಯಿಂದ ಎರಡು ಹಡಗುಗಳಲ್ಲಿ ಕರಾರಿನ ಕೂಲಿಗಳು ಗಯಾನಾಕ್ಕೆ ಬಂದಿಳಿದರು. 1846ರಲ್ಲಿ ಅವನಿಗೆ ಬ್ಯಾರೊನೆಟ್ ಪದವಿ ದೊರೆಯಿತು, 1851ರಲ್ಲಿ ತೀರಿಕೊಂಡ.

ಪಾಠದಲ್ಲಿ ನಾನು ತರಗತಿಯನ್ನು ಗುಂಪುಗಳಾಗಿ ವಿಂಗಡಿಸಿ ಮಾಲೀಕ, ಅಡಮಾನದಾರ, ವಿಧವೆಯ ಪಾತ್ರ ಕೊಟ್ಟೆ. ವಾದ ಬಿಸಿಯೇರಿದ ಮೇಲೆ, ಇವರೆಲ್ಲರೂ ಒಪ್ಪಿಕೊಂಡಿರುವ ಮಾತು ಯಾವುದು ಎಂದು ಕೇಳಿದೆ. ಮನುಷ್ಯನನ್ನು ಆಸ್ತಿಯೆಂದು ಎಣಿಸಬಹುದು ಎಂಬುದೇ ಆ ಮಾತು. ಆಯೋಗದ ಮುಂದೆ ವಿವಾದವಾದದ್ದು ಆಸ್ತಿ ಯಾರದೆಂದು ಮಾತ್ರ. ದುಡಿದವರು ಅರ್ಜಿದಾರರಾಗಲು ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಇಸವಿಗಳಿಗಿಂತ ಈ ಪ್ರಶ್ನೆಗೆ ಹೆಚ್ಚು ಸಮಯ ಕೊಡಲಿ.