ಬಾಕುವಿನ ಎಣ್ಣೆ ಸಾಹುಕಾರ ತಗಿಯೇವ್

ಕರೆಂಟು ಬರುವ ಮುಂಚೆ ನಮ್ಮ ಹಿರಿಯರು ಓದಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. ನೂರು ವರ್ಷಕ್ಕೂ ಹಿಂದೆ ಹಡಗಿನಲ್ಲಿ ಭಾರತಕ್ಕೆ ಬರುತ್ತಿದ್ದ ಸೀಮೆಎಣ್ಣೆಯಲ್ಲಿ ಒಂದು ಪಾಲು ಬಾಕು ನಗರದ್ದು. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಈ ಊರು ಆಗ ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಇಂದು ಅದು ಅಜರ್‌ಬೈಜಾನ್ ದೇಶದ ರಾಜಧಾನಿ. ಅಲ್ಲಿ ಎಣ್ಣೆಯಿಂದ ಸಿರಿವಂತರಾಗಿ, ಆ ಹಣವನ್ನು ವಿದ್ಯೆಗೆ ಸುರಿದವರು ಹಾಜಿ ಜೈನಲಾಬ್ದಿನ್ ತಗಿಯೇವ್. ಶಾಲೆಯ ಸುವರ್ಣ ಮಹೋತ್ಸವದಲ್ಲಿ ನೆನೆಯಬೇಕಾದ ಹೆಸರು ಅದು.

ಅವರ ತಂದೆ ಪಾದರಕ್ಷೆ ಹೊಲಿಯುತ್ತಿದ್ದರು. ಬಡತನದಿಂದಾಗಿ ಮಗ ಚಿಕ್ಕಂದಿನಲ್ಲೇ ಗಾರೆ ಕೆಲಸಕ್ಕೆ ಸೇರಬೇಕಾಯಿತು. ಆಳಾಗಿದ್ದವರು ಮೇಸ್ತ್ರಿಯಾದರು, ಆಮೇಲೆ ಕಂಟ್ರಾಕ್ಟರಾದರು. ಕೂಡಿಟ್ಟ ಹಣದಿಂದ ಪಾಲುದಾರರೊಡನೆ ಬೀಬಿ ಹೈಬತ್ ಎಂಬಲ್ಲಿ ಜಮೀನು ಹಿಡಿದು ಎಣ್ಣೆಗಾಗಿ ಬಾವಿ ಕೊರೆಸಿದರು. ಎಷ್ಟು ಕೊರೆದರೂ ಎಣ್ಣೆ ಕಾಣಲಿಲ್ಲ. ಪಾಲುದಾರರು ಬೇಸತ್ತು ಕೈಬಿಟ್ಟರು. ಬೋರ್‌ವೆಲ್ ಕೊರೆಸಿ ನೀರು ಕಾಣದೆ ಕುಳಿತ ನಮ್ಮ ರೈತರಿಗೆ ಆ ಸಂಕಟ ಗೊತ್ತು. ತಗಿಯೇವ್ ಮಾತ್ರ ಬಿಡಲಿಲ್ಲ. ಕೊನೆಗೆ ಎಣ್ಣೆ ಸಿಕ್ಕಿತು. 1886ರಲ್ಲಿ ಅವರ ಬಾವಿಯೊಂದರಿಂದ ಎಣ್ಣೆ ದಿನಗಟ್ಟಲೆ ಆಕಾಶಕ್ಕೆ ಚಿಮ್ಮಿತು. 1897ರಲ್ಲಿ ಎಣ್ಣೆ ಉದ್ಯಮವನ್ನು 50 ಲಕ್ಷ ರೂಬಲ್‌ಗೆ ಇಂಗ್ಲಿಷರಿಗೆ ಮಾರಿ, ಹತ್ತಿ ಗಿರಣಿ ಕಟ್ಟಿಸಿದರು.

ಸಾರ್ವಜನಿಕ ಜೀವನದಲ್ಲೂ ಅವರು ಹಿಂದೆ ಉಳಿಯಲಿಲ್ಲ. ನಗರಸಭೆಯ ಸದಸ್ಯರಾದರು, ‘ಕಾಸ್ಪಿ’ ಪತ್ರಿಕೆಯನ್ನು ಕೊಂಡರು, 1883ರಲ್ಲಿ ರಂಗಮಂದಿರ ಕಟ್ಟಿಸಿದರು. ಕುಡಿಯುವ ನೀರಿಗೆ ಪರದಾಡುತ್ತಿದ್ದ ಊರಿಗೆ ದೂರದ ಶೊಲ್ಲಾರ್‌ನಿಂದ ಕೊಳವೆಯಲ್ಲಿ ನೀರು ತರಬೇಕೆಂದು ಪಟ್ಟು ಹಿಡಿದರು. ಆ ನೀರು 1917ರಲ್ಲಿ ಬಂತು.

ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಹೆಣ್ಣುಮಕ್ಕಳ ಶಾಲೆ. ಸರ್ಕಾರ ಸುಲಭವಾಗಿ ಅನುಮತಿ ಕೊಡಲಿಲ್ಲ. ಶಾಲೆಗೆ ಮಹಾರಾಣಿ ಅಲೆಕ್ಸಾಂಡ್ರಾ ಅವರ ಹೆಸರಿಟ್ಟು ಒಪ್ಪಿಗೆ ಪಡೆದರು. ಧರ್ಮಗುರುಗಳು ವಿರೋಧಿಸಿದರು. ತಗಿಯೇವ್ ಜಗಳಕ್ಕೆ ನಿಲ್ಲಲಿಲ್ಲ. ಪುಣ್ಯಕ್ಷೇತ್ರಗಳ ಹಿರಿಯ ವಿದ್ವಾಂಸರ ಬಳಿಗೆ ಜನರನ್ನು ಕಳಿಸಿ, ಹೆಣ್ಣುಮಕ್ಕಳ ಓದು ಧರ್ಮಕ್ಕೆ ವಿರುದ್ಧವಲ್ಲವೆಂದು ಬರಹದಲ್ಲೇ ತರಿಸಿದರು. 1901ರಲ್ಲಿ ಶಾಲೆ ತೆರೆಯಿತು. ಮುಖ್ಯೋಪಾಧ್ಯಾಯಿನಿಯಾದವರು ಹನೀಫಾ ಮೆಲಿಕೋವಾ.

ಬಡ ಹುಡುಗರನ್ನು ದೂರದ ವಿಶ್ವವಿದ್ಯಾಲಯಗಳಲ್ಲಿ ಓದಿಸಿದ್ದೂ ಅವರೇ. ಅವರಲ್ಲಿ ಒಬ್ಬರು ನರಿಮಾನ್ ನರಿಮಾನೋವ್. ತಗಿಯೇವ್ ಕೊಟ್ಟ ವಿದ್ಯಾರ್ಥಿವೇತನದಿಂದ ಒಡೆಸ್ಸಾದಲ್ಲಿ ವೈದ್ಯರಾದ ಇವರೇ 1920ರಲ್ಲಿ ಬಂದ ಬೊಲ್ಶೆವಿಕ್ ಸರ್ಕಾರದ ಮುಖ್ಯಸ್ಥರಾದರು. ಆ ಸರ್ಕಾರ ಸಾಹುಕಾರರ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತು. ಮಾಡಿದ ದಾನಧರ್ಮವನ್ನು ನೆನೆದು ತಗಿಯೇವ್ ಅವರಿಗೆ ಮರ್ದಕಾನ್ ಹಳ್ಳಿಯ ತೋಟದ ಮನೆಯೊಂದನ್ನು ಮಾತ್ರ ಉಳಿಸಿತು. 1924ರ ಸೆಪ್ಟೆಂಬರ್ 1ರಂದು ಅವರು ಅಲ್ಲಿಯೇ ತೀರಿಕೊಂಡರು. ಪತ್ನಿ ಸೋನಾ ಕೊನೆಗಾಲದಲ್ಲಿ ಕಡುಬಡತನ ಕಂಡರು.

ಇಂದು ಅವರ ಮಹಲು ವಸ್ತುಸಂಗ್ರಹಾಲಯವಾಗಿದೆ. ಶಾಲೆಯ ಕಟ್ಟಡದಲ್ಲಿ ಹಸ್ತಪ್ರತಿಗಳ ಸಂಸ್ಥೆಯಿದೆ. ಬಾವಿ, ಗಿರಣಿ, ಮನೆ ಎಲ್ಲವೂ ಕೈಬಿಟ್ಟವು. ಓದಿದವರ ಓದನ್ನು ಮಾತ್ರ ಯಾವ ಸರ್ಕಾರವೂ ಜಪ್ತಿ ಮಾಡಲಾಗಲಿಲ್ಲ.

ಹರದನಹಳ್ಳಿಯ ಈ ಶಾಲೆಯಲ್ಲಿ ಓದಿದ ನಮ್ಮಲ್ಲಿ ಎಣ್ಣೆ ಸಾಹುಕಾರರಿಲ್ಲ. ಆದರೆ ಹತ್ತನೇ ತರಗತಿ ಮುಗಿಸಿ ಮನೆಯಲ್ಲೇ ಉಳಿದುಬಿಡುವ ಒಬ್ಬ ಹುಡುಗಿಯ ಕಾಲೇಜು ಶುಲ್ಕ, ಬಸ್ ಪಾಸು ನಮ್ಮ ಕೈಗೆ ಮೀರಿದ್ದಲ್ಲ. ಐವತ್ತು ತುಂಬಿದ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಕೊಡಬಹುದಾದ ಉಡುಗೊರೆ ಅದೇ.