ಮಂಜೇಶ್ವರದ ಗೋವಿಂದ ಪೈಗಳೂ ಗ್ರೀಕರ ಹಡಗೂ

ಮಂಜೇಶ್ವರದ ಗೋವಿಂದ ಪೈಗಳ ಹೆಸರನ್ನು ಕೇಳದವರು ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬರೂ ಇರಲಾರರು. ‘ಗೊಲ್ಗೊಥಾ’ ಕಾವ್ಯವನ್ನು ರಚಿಸಿದವರೆಂದು ಕೆಲವರೂ, 1949ನೆಯ ಇಸವಿಯಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಬಿರುದನ್ನು ಹೊಂದಿದವರೆಂದು ಕೆಲವರೂ ಅವರನ್ನು ಬಲ್ಲರು. ಅವರ ಜೀವಿತದ ಇನ್ನೊಂದು ಭಾಗವು ಅಷ್ಟಾಗಿ ಪ್ರಸಿದ್ಧಿಗೆ ಬಂದಿಲ್ಲ. ಕಾಪುವಿನ ಕಡಲ ತೀರದವರಾದ ನಮಗೆ ಆ ಭಾಗವೇ ಹೆಚ್ಚು ಸಮೀಪದ್ದೆಂದು ತೋರಿದ್ದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅದನ್ನು ತುಸು ವಿಸ್ತರಿಸಿ ಬರೆಯುತ್ತೇವೆ.

ಪೈಗಳು 1883ನೆಯ ಇಸವಿ ಮಾರ್ಚ್ 23ರಂದು ಮಂಜೇಶ್ವರದಲ್ಲಿ ತಾಯಿಯ ತವರುಮನೆಯಲ್ಲಿ ಹುಟ್ಟಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈಗಳು, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ, ಅಂಗಳಕ್ಕಿಳಿದರೆ ತುಳು, ಪಾಠಶಾಲೆಯಲ್ಲಿ ಕನ್ನಡ, ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಮಲಯಾಳ. ಇಂಥ ಊರಿನಲ್ಲಿ ಬೆಳೆದ ಮಗುವಿಗೆ ಹೊಸ ಭಾಷೆಯೆಂಬದು ಹೆದರಿಕೆಯ ವಸ್ತುವಾಗುವದಿಲ್ಲ. ಮಂಗಳೂರಿನಲ್ಲಿ ಓದುತ್ತಿದ್ದಾಗ ಪಂಜೆ ಮಂಗೇಶರಾಯರು ಅವರಿಗೆ ಉಪಾಧ್ಯಾಯರಾಗಿದ್ದರು. ಅಲ್ಲಿಂದ ಮದರಾಸಿಗೆ ಹೋಗಿ ಕಾಲೇಜಿನಲ್ಲಿ ಓದುತ್ತಿರಲು ತಂದೆಯು ತೀರಿಹೋದ ಕಾರಣ ಹಿರಿಯ ಮಗನಾದ ಅವರು ವ್ಯಾಸಂಗವನ್ನು ನಡುವಿನಲ್ಲಿಯೇ ಬಿಟ್ಟು ಹಿಂದಿರುಗಬೇಕಾಯಿತು.

ಪರೀಕ್ಷೆಯ ಪಟ್ಟಿಯಲ್ಲಿ ಮಗಳ ಹೆಸರು ಕಾಣದಿದ್ದರೆ ಲೋಕವೇ ಮುಳುಗಿತೆಂದು ಅಳುವ ಹೆತ್ತವರನ್ನು ನಾವು ವರ್ಷಂಪ್ರತಿ ನೋಡುತ್ತೇವೆ. ಅಂಥವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಪೈಗಳು ಮಂಜೇಶ್ವರದ ಮನೆಯಲ್ಲಿ ನೆಲೆಸಿ, ಆಸ್ತಿಯ ವ್ಯವಹಾರವನ್ನು ನೋಡಿಕೊಂಡು, ಉಳಿದ ಹೊತ್ತನ್ನೆಲ್ಲ ಪುಸ್ತಕಗಳಿಗೆ ಕೊಟ್ಟರು. ಸಂಸ್ಕೃತ, ಪ್ರಾಕೃತ, ಬಂಗಾಳಿಗಳಲ್ಲದೆ ಗ್ರೀಕ್, ಲ್ಯಾಟಿನ್ ಮೊದಲಾದ ದೂರ ದೇಶದ ಭಾಷೆಗಳನ್ನೂ ಸಂಪಾದಿಸಿದರು. ಇಪ್ಪತ್ತಕ್ಕೆ ಮೀರಿದ ಭಾಷೆಗಳನ್ನು ಬಲ್ಲವರೆಂದು ಅವರ ಖ್ಯಾತಿ ಹಬ್ಬಿತು. 1911ರಲ್ಲಿ, ಪ್ರತಿ ಸಾಲಿನ ಎರಡನೆಯ ಅಕ್ಷರವು ಒಂದೇ ಆಗಿರಬೇಕೆಂಬ ಪ್ರಾಸದ ಕಟ್ಟಳೆಯನ್ನು ತೊರೆದು ಪದ್ಯ ಬರೆದರು. ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದರೂ ಅವರು ಹಿಂಜರಿಯಲಿಲ್ಲ. ‘ಗಿಳಿವಿಂಡು’ ಎಂಬ ಅವರ ಮೊದಲನೆಯ ಕವಿತಾ ಸಂಗ್ರಹವು 1930ರಲ್ಲಿ ಹೊರಬಿತ್ತು. ಪತ್ನಿಯು ಅಗಲಿದ ದುಃಖವು ‘ನಂದಾದೀಪ’ದ ಕವಿತೆಗಳಾಯಿತು.

ಇನ್ನು ಹಡಗಿನ ಸಂಗತಿ. ಐಗುಪ್ತ ದೇಶದಲ್ಲಿ ಆಕ್ಸಿರಿಂಕಸ್ ಎಂಬ ಪುರಾತನ ಪಟ್ಟಣವೊಂದಿತ್ತು. ಅದರ ಕಸದ ದಿಬ್ಬಗಳನ್ನು ಅಗೆದು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಸಾವಿರಾರು ಪಪೈರಸ್ ತುಂಡುಗಳನ್ನು ಎತ್ತಿದರು. ಅವುಗಳಲ್ಲಿ ಕ್ರಿ. ಶ. ಎರಡನೆಯ ಶತಮಾನದ ಹಾಳೆಯೊಂದರ ಮೇಲೆ ಗ್ರೀಕ್ ಪ್ರಹಸನವೊಂದು ಇದ್ದಿತು. 1903ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಕಥೆಯು ಇದು. ಖಾರಿಟಿಯೋನ್ ಎಂಬ ಗ್ರೀಕ್ ಕನ್ಯೆಯು ಹಿಂದೂದೇಶದ ಕಡಲ ಕರೆಯಲ್ಲಿ ಒಬ್ಬ ಅರಸನ ಕೈಗೆ ಸಿಕ್ಕಿದ್ದಾಳೆ. ಅರಸನು ಅವಳನ್ನು ಚಂದ್ರದೇವತೆಗೆ ಬಲಿಗೊಡಲು ಎಣಿಸಿದ್ದಾನೆ. ಅವಳ ಅಣ್ಣನು ಸಂಗಡಿಗರೊಂದಿಗೆ ಹಡಗಿನಲ್ಲಿ ಬಂದು, ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರಸದ ದ್ರಾಕ್ಷಾರಸವನ್ನು ಕುಡಿಸಿ, ಮತ್ತೇರಿದ ಅರಸನನ್ನು ದೇವಸ್ಥಾನದ ಪಟ್ಟಿಗಳಿಂದಲೇ ಕಟ್ಟಿಹಾಕಿ, ತಂಗಿಯನ್ನು ಹಡಗಿಗೆ ಹತ್ತಿಸುತ್ತಾನೆ.

ಹೋಮರ ಕವಿಯ ‘ಒಡಿಸ್ಸಿ’ಯನ್ನು ಓದಿದವರಿಗೆ ಈ ದ್ರಾಕ್ಷಾರಸವು ಹೊಸದಲ್ಲ. ಟ್ರಾಯ್ ಪಟ್ಟಣವು ಬಿದ್ದ ಮೇಲೆ ಒಡಿಸ್ಯೂಸ್ ರಾಜನು ತನ್ನ ಇಥಾಕ ದ್ವೀಪಕ್ಕೆ ಮರಳಲು ಹೊರಟು ಹತ್ತು ವರ್ಷ ಕಡಲಿನಲ್ಲಿ ಅಲೆದನಷ್ಟೆ. ದಾರಿಯಲ್ಲಿ ಒಕ್ಕಣ್ಣಿನ ರಾಕ್ಷಸನಾದ ಪಾಲಿಫೀಮಸನ ಗವಿಯಲ್ಲಿ ಸೆರೆಸಿಕ್ಕಿ, ಅವನಿಗೆ ಮೂರು ಸಲ ದ್ರಾಕ್ಷಾರಸವನ್ನು ಹೊಯ್ದು ಕೊಟ್ಟು, ನಿದ್ದೆಗೆ ಬಿದ್ದವನ ಕಣ್ಣನ್ನು ಕಾದ ಕೊರಡಿನಿಂದ ತಿವಿದು, ಕುರಿಗಳ ಹೊಟ್ಟೆಯ ಕೆಳಗೆ ಅಡಗಿ ಪಾರಾದನು. ನಮ್ಮ ಪ್ರಹಸನಕಾರನು ಆ ಉಪಾಯವನ್ನೇ ತಂದು ಭಾರತದ ಕರಾವಳಿಯಲ್ಲಿ ನೆಟ್ಟಿದ್ದಾನೆ. ಆದರೆ ಒಂದು ಭೇದವುಂಟು. ಅದನ್ನು ನಾವು ದೊಡ್ಡದೆಂದು ಎಣಿಸುತ್ತೇವೆ. ಒಡಿಸ್ಯೂಸನ ಸಂಗಡಿಗರು ಗಾಳಿಯಿಲ್ಲದೆ ಒಂದು ದ್ವೀಪದಲ್ಲಿ ತಂಗಿದ್ದಾಗ ಹಸಿವು ತಾಳಲಾರದೆ, ಮುಟ್ಟಬಾರದೆಂದು ಕಟ್ಟಪ್ಪಣೆಯಿದ್ದ ಸೂರ್ಯದೇವನ ದನಗಳನ್ನು ಕೊಂದು ತಿಂದರು; ಅದರ ಫಲವಾಗಿ ಸಿಡಿಲು ಬಡಿದು ಹಡಗು ಒಡೆಯಿತು, ಒಡೆಯನೊಬ್ಬನ ಹೊರತು ಎಲ್ಲರೂ ನೀರುಪಾಲಾದರು. ಪ್ರಹಸನದಲ್ಲಿಯೂ ಹಾಸ್ಯಗಾರನು ಹೊರಡುವ ಮುಂಚೆ ಚಂದ್ರದೇವತೆಯ ಕಾಣಿಕೆಗಳನ್ನು ಕದ್ದುಕೊಂಡು ಹೋಗೋಣವೆನ್ನುತ್ತಾನೆ. ಖಾರಿಟಿಯೋನ್ ಒಪ್ಪುವದಿಲ್ಲ. ದೇವರುಗಳಿಂದ ರಕ್ಷಣೆಯನ್ನು ಬೇಡುವವರು ಅವರ ಸೊತ್ತಿಗೇ ಕೈಹಾಕುವದು ತಗದೆಂದು ಅವನನ್ನು ತಡೆಯುತ್ತಾಳೆ. ತನ್ನನ್ನು ಬಲಿಗೊಡಲು ಎಣಿಸಿದವರ ಗುಡಿಯ ವಿಷಯದಲ್ಲಿ ಈ ಮಾತು! ವೀರರ ಪರಿವಾರಕ್ಕಿಲ್ಲದ ಬುದ್ಧಿಯು ಸೆರೆಯಲ್ಲಿದ್ದ ಹುಡುಗಿಗೆ ಇತ್ತು. ಹೆಣ್ಣುಮಕ್ಕಳ ಶಾಲೆಯವರ ಪಕ್ಷಪಾತವಿದೆಂದು ಯಾರಾದರೂ ನಕ್ಕರೆ ನಗಲಿ.

ಈ ಹಾಳೆಯು ಪೈಗಳ ಮೇಜಿಗೆ ಬಂದ ಬಗೆ ಹೀಗೆ. ಪ್ರಹಸನದಲ್ಲಿ ಅರಸನೂ ಅವನ ಜನರೂ ನಡುನಡುವೆ ಗ್ರೀಕ್ ಅಲ್ಲದ ಮಾತನ್ನು ಆಡುತ್ತಾರೆ. ಅದು ಬರೇ ನಗಿಸುವ ಬಡಬಡಿಕೆಯೋ, ನಿಜವಾದ ಭಾಷೆಯೋ ಎಂಬ ಪ್ರಶ್ನೆ ಎದ್ದಿತು. 1904ರಲ್ಲಿ ಜರ್ಮನ್ ಪಂಡಿತರಾದ ಹುಲ್ಟ್ಷ್ ಅವರು ಅದರಲ್ಲಿ ಕನ್ನಡವಿದೆಯೆಂದು ಸೂಚಿಸಿದರು. ಕೊಂಚ, ಮಧು, ಪಾತ್ರ ಎಂಬಂಥ ಶಬ್ದಗಳು ಅವರಿಗೆ ಕೇಳಿಸಿದವು. ಮೈಸೂರಿನ ಶಾಮಾಶಾಸ್ತ್ರಿಗಳು ಆ ಜಾಡನ್ನು ಹಿಡಿದು ಮುಂದೆ ಹೋದರು. ಲಂಡನ್ನಿನ ಬಾರ್ನೆಟ್ ಅವರು 1926ರಲ್ಲಿ ಇದನ್ನು ಖಂಡಿಸಿ, ಯಾವ ಭಾಷೆಯೆಂದೂ ಹೇಳಲಾಗದೆಂದರು. ಕನ್ನಡದ ಪ್ರಾಚೀನತೆಯ ಪ್ರಶ್ನೆಯಾದ್ದರಿಂದ ಗೋವಿಂದ ಪೈಗಳೂ ಈ ಚರ್ಚೆಗೆ ಇಳಿದರು. ಗ್ರೀಕನ್ನೂ ಕರಾವಳಿಯ ನುಡಿಗಳನ್ನೂ ಒಟ್ಟಿಗೆ ಬಲ್ಲವರು ನಾಡಿನಲ್ಲಿ ಎಷ್ಟು ಮಂದಿ ಇದ್ದರು? 1936ರಲ್ಲಿ ‘ತುಳುವ ಇತಿಹಾಸ’ವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾಸ್ಕರ ಆನಂದ ಸಾಲೆತ್ತೂರರು, ಕಥೆ ನಡೆದ ಸ್ಥಳವು ಮಲ್ಪೆಯ ಬಳಿಯ ವಡಭಾಂಡೇಶ್ವರವೆಂದು ಊಹಿಸಿದರು. ಮುಂದೆ ಅದು ಕನ್ನಡವಲ್ಲ, ತುಳುವೆಂದು ವಾದಿಸಿದವರೂ ಉಂಟು. ವಾದವು ತೀರ್ಮಾನವಾಗಿಲ್ಲ. ತೀರ್ಮಾನವಾದುದೆಂದು ತರಗತಿಯಲ್ಲಿ ಕಲಿಸುವದು ಸರಿಯಲ್ಲವೆಂದು ನಮ್ಮ ಮತ. ಆದರೆ ಆ ಕಾಲದಲ್ಲಿ ಮಳೆಗಾಳಿಯನ್ನು ನಂಬಿ ಐಗುಪ್ತದಿಂದ ಕರಿಮೆಣಸಿಗಾಗಿ ಹಡಗುಗಳು ಈ ಪಶ್ಚಿಮ ತೀರಕ್ಕೆ ಬರುತ್ತಿದ್ದುದು ನಿಶ್ಚಯ. ರೋಮಿನ ಪ್ಲಿನಿಯು ನಿತ್ರಿಯಾಸ್ ಎಂಬಲ್ಲಿಯ ಕಡಲುಗಳ್ಳರ ಭಯವನ್ನು ಬರೆದಿಟ್ಟಿದ್ದಾನೆ. ಅದು ನೇತ್ರಾವತಿಯ ಹೆಸರೆಂದು ಹಲವರ ಊಹೆ. 1901ರಲ್ಲಿ ಕಟ್ಟಿದ ನಮ್ಮ ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ನಿಂತರೆ ಮಲ್ಪೆಯ ಕಡಲು ಉತ್ತರಕ್ಕೆ ಕೆಲವೇ ಮೈಲು.

‘ಗೊಲ್ಗೊಥಾ’ವನ್ನು ಕುರಿತು ಇಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಯೇಸು ಸ್ವಾಮಿಯ ಕೊನೆಯ ದಿನವನ್ನು ಸುವಾರ್ತೆಗಳ ಆಧಾರದಿಂದ ಕನ್ನಡದಲ್ಲಿ ಖಂಡಕಾವ್ಯವಾಗಿ ಮಾಡಿದವರು ಕ್ರೈಸ್ತರಲ್ಲ, ಗೌಡ ಸಾರಸ್ವತ ಬ್ರಾಹ್ಮಣರು. ಬುದ್ಧನ ಕೊನೆಯ ದಿನಗಳನ್ನು ‘ವೈಶಾಖಿ’ಯಲ್ಲಿ ಅದೇ ಭಕ್ತಿಯಿಂದ ಹಾಡಿದರು. ಪರರ ಗುಡಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬದು ಅವರಿಗೂ ತಿಳಿದಿತ್ತು. 1951ರಲ್ಲಿ ಮುಂಬಯಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಅವರ ಜೀವಿತದ ಕೊನೆಯ ಸಂಕಟವನ್ನು ನೆನೆದಾಗ ನಮಗೆ ‘ಒಡಿಸ್ಸಿ’ಯ ಇನ್ನೊಂದು ಘಟ್ಟವು ಕಣ್ಣಿಗೆ ಕಟ್ಟುತ್ತದೆ. ಒಡಿಸ್ಯೂಸನು ನಿದ್ದೆಯಲ್ಲಿರುವಾಗಲೇ ಪರದೇಶದ ನಾವಿಕರು ಅವನನ್ನು ಇಥಾಕದ ಮರಳಿನ ಮೇಲೆ ಮಲಗಿಸಿ ಹೋಗುತ್ತಾರೆ. ಎಚ್ಚತ್ತಾಗ ಅಥೀನಾ ದೇವಿಯು ಕವಿಸಿದ ಮಂಜಿನಿಂದ ಸ್ವಂತ ಊರೇ ಅವನಿಗೆ ಗುರುತು ಸಿಕ್ಕುವದಿಲ್ಲ. ಯಾವ ಜನರ ನಾಡಿಗೆ ಬಂದೆನೋ ಎಂದು ಗೋಳಾಡುತ್ತಾನೆ. ಪೈಗಳಾದರೋ ಮಂಜೇಶ್ವರದಲ್ಲಿಯೇ ಇದ್ದರು. 1956ನೆಯ ಇಸವಿ ನವಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಅದರೊಂದಿಗೆ ಮಂಜೇಶ್ವರವೂ. ಕನ್ನಡದ ರಾಷ್ಟ್ರಕವಿಯ ಮನೆಯು ಕನ್ನಡ ರಾಜ್ಯದ ಹೊರಗಾಯಿತು. ಎಪ್ಪತ್ತು ದಾಟಿದ್ದ ಅವರು ಈ ನೋವನ್ನು ಮರೆಯಲಿಲ್ಲ. ತಮ್ಮ ನೆಲವು ಕನ್ನಡ ನಾಡಿಗೆ ಮರಳಬೇಕೆಂಬ ಹಂಬಲದಲ್ಲಿಯೇ ಇದ್ದರು. ಒಡಿಸ್ಯೂಸನ ಕಣ್ಣ ಮುಂದಿನ ಮಂಜನ್ನು ದೇವಿಯು ಆ ದಿನವೇ ಸರಿಸಿದಳು. ಪೈಗಳ ಪಾಲಿಗೆ ಅದು ಸರಿಯಲಿಲ್ಲ. 1963ನೆಯ ಇಸವಿ ಸಪ್ಟಂಬರ 6ರಂದು ಅವರು ತೀರಿಕೊಂಡರು.

ಅವರ ಪುಸ್ತಕಗಳು ಉಡುಪಿಗೆ ಬಂದವು. ಅಲ್ಲಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ತುಳು ಭಾಷೆಯ ದೊಡ್ಡ ನಿಘಂಟು ತಯಾರಾದದ್ದೂ ಅಲ್ಲಿಯೇ. ಮಂಜೇಶ್ವರದ ಮನೆಯು ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ರೈಲಿನಲ್ಲಿ ಪ್ರಯಾಣ ಮಾಡುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮಕ್ಕಳನ್ನು ಕರಕೊಂಡು ಅಲ್ಲಿ ಒಮ್ಮೆ ಇಳಿಯಬಹುದು.